ಶಿರಸಿ ಸೀಮೆಯ ತೋಟದ ಮನೆಯಲ್ಲಿ ರಾಸ್ಪ್‌ಬೆರಿ ಪೈ 5: ಮನೆಯ ಸರ್ವರ್ ಆಗಿ ಹೇಗಿದೆ?

ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್ ಆದ ರಾಸ್ಪ್‌ಬೆರಿ ಪೈ 5, ಮನೆಯವರೆಲ್ಲರ ಕಡತಗಳನ್ನು ಇಟ್ಟುಕೊಂಡು ಬೇಕಾದಾಗ ಒದಗಿಸುವ ಮನೆಯ ಸರ್ವರ್ ಆಗಿ ಹಗಲೂ ರಾತ್ರಿ ದುಡಿಯಬಲ್ಲುದೇ ಎಂದು ಕೇಳುವವರಿಗೆ ನನ್ನ ಉತ್ತರ ಹೌದು. ಆದರೆ ಬೋರ್ಡಿನ ಬೆಲೆಯೊಂದನ್ನೇ ನೋಡಿ ಲೆಕ್ಕ ಹಾಕಬೇಡಿ. ಬೋರ್ಡಿಗೆ ಎಷ್ಟು ಕೊಡುತ್ತೀರೋ ಹೆಚ್ಚುಕಡಿಮೆ ಅಷ್ಟನ್ನೇ ಅಡಾಪ್ಟರ್, ಕಡತಗಳನ್ನಿಡುವ ಎಸ್‌ಎಸ್‌ಡಿ ಡಿಸ್ಕು, ಫ್ಯಾನು, ಡಬ್ಬಿ ಎಂದು ಅದರ ಸುತ್ತಲಿನ ಸಾಮಾನಿಗೂ ಕೊಡಬೇಕಾಗುತ್ತದೆ. ಈ ಎರಡನೆಯ ಖರ್ಚಿನಲ್ಲಿ ಕೈ ಬಿಗಿ ಹಿಡಿದರೆ ಸರ್ವರ್ ಕೈಕೊಡುತ್ತದೆ, ದೂರು ಮಾತ್ರ ಬೋರ್ಡಿನ ಮೇಲೆ ಬರುತ್ತದೆ. ನಮ್ಮದು ಶಿರಸಿ ತಾಲ್ಲೂಕಿನ ಅಡಿಕೆ ತೋಟದ ಮನೆ. ನಾನು ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಏಪ್ರಿಲ್, ಮೇ ತಿಂಗಳ ಸಿಡಿಲು, ಮಳೆಗಾಲದ ಥಂಡಿ, ಮರ ಬಿದ್ದು ಹೋಗುವ ಕರೆಂಟು ಇವೆಲ್ಲ ಇರುವ ಕಡೆ ಈ ಯಂತ್ರ ಹೇಗೆ ನಡೆದುಕೊಂಡಿತು ಎಂಬುದನ್ನು ಬರೆಯುತ್ತಿದ್ದೇನೆ.

ಸರ್ವರ್ ಬೇಕಾದದ್ದು ಯಾಕೆಂದರೆ, ಅಪ್ಪಯ್ಯ ಹತ್ತಾರು ವರ್ಷ ಊರೂರು ತಿರುಗಿ ತಾಳಮದ್ದಲೆಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಬೆಂಗಳೂರಿನಲ್ಲಿರುವ ಅಣ್ಣನಿಗೂ ಹುಬ್ಬಳ್ಳಿಯಲ್ಲಿರುವ ಅಕ್ಕನಿಗೂ ಕೇಳಲು ಸಿಗುವಂತೆ ಮಾಡಬೇಕಿತ್ತು. ಜೊತೆಗೆ ಮನೆಯ ಕಾಗದಪತ್ರಗಳು: ಪಹಣಿ, ಪಾಲುಪಟ್ಟಿ, ಸೊಸೈಟಿಯ ಲೆಕ್ಕ, ಮೂರು ತಲೆಮಾರಿನ ಫೋಟೋಗಳು. ಬಾಡಿಗೆಯ ಕ್ಲೌಡ್ ಜಾಗಕ್ಕೆ ತಿಂಗಳು ತಿಂಗಳು ಹಣ ಕಟ್ಟುವುದು ಒಂದು ಮಾತಾದರೆ, ಅಪ್ಪಯ್ಯನ ಧ್ವನಿ ಇರುವ ಕಡತಗಳು ಮೊದಲು ನಮ್ಮ ಜಗಲಿಯಲ್ಲಿರಬೇಕು ಎಂಬುದು ಇನ್ನೊಂದು. ನನಗೆ ಎರಡನೆಯದೇ ದೊಡ್ಡದು.

ಬೋರ್ಡಿನ ವಿವರ ಚುಟುಕಾಗಿ. ಬ್ರಿಟನ್ನಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ರಾಸ್ಪ್‌ಬೆರಿ ಪೈ ಮೊದಲು ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು. ಐದನೆಯ ತಲೆಮಾರು ಬಂದದ್ದು 2023ರ ಅಕ್ಟೋಬರ್‌ನಲ್ಲಿ. 2.4 ಗಿಗಾಹರ್ಟ್ಸ್ ವೇಗದ ನಾಲ್ಕು ಎ76 ಕೋರ್‌ಗಳು, ಗಿಗಾಬಿಟ್ ಈಥರ್ನೆಟ್, ಎರಡು ಯುಎಸ್‌ಬಿ 3, ಎರಡು ಯುಎಸ್‌ಬಿ 2, ವೇಗದ ಎಸ್‌ಎಸ್‌ಡಿಯಂಥವನ್ನು ಜೋಡಿಸಲು ಒಂದು ಸಾಲಿನ ಪಿಸಿಐಇ ಸಂಪರ್ಕ. ನಾನು ಕೊಂಡದ್ದು 8 ಜಿಬಿ ಮೆಮೊರಿ (ರ್‍ಯಾಮ್) ಇರುವುದು. ಪೈ 4ಕ್ಕೆ ಹೋಲಿಸಿದರೆ ವೇಗ ಎರಡರಿಂದ ಮೂರು ಪಟ್ಟು ಎಂದು ತಯಾರಕರು ಹೇಳುತ್ತಾರೆ, ಬಳಕೆಯಲ್ಲೂ ಅದು ಗೊತ್ತಾಗುತ್ತದೆ. ಆದರೆ ಸರ್ವರ್ ಇಡುವವರಿಗೆ ವೇಗಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಮೂರು ಸಣ್ಣ ಸಂಗತಿಗಳು ಈ ತಲೆಮಾರಿನಲ್ಲಿ ಬಂದಿವೆ: ಆಫ್ ಮಾಡುವ ಗುಂಡಿ, ಸಮಯ ನೆನಪಿಡುವ ಗಡಿಯಾರ, ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಜೋಡಿಸಲು ದಾರಿ.

ಮೊದಲು ಕರೆಂಟಿನ ವಿಷಯ, ಏಕೆಂದರೆ ಜನ ಸೋಲುವುದು ಅಲ್ಲೇ. ಪೈ 5 ಕೇಳುವುದು 5 ವೋಲ್ಟಿನಲ್ಲಿ 5 ಆಂಪಿಯರ್. ಮನೆಯಲ್ಲಿ 65 ವ್ಯಾಟಿನ ಲ್ಯಾಪ್‌ಟಾಪ್ ಚಾರ್ಜರ್ ಇದೆಯಲ್ಲ, ಈ ಪುಟ್ಟ ಬೋರ್ಡಿಗೆ ಅದು ಧಾರಾಳವಾಯಿತು ಎಂದು ಅನ್ನಿಸುವುದು ಸಹಜ. ಆದರೆ ಅಂಥ ಚಾರ್ಜರ್‌ಗಳು ಹೆಚ್ಚು ವ್ಯಾಟ್ ಕೊಡುವುದು ವೋಲ್ಟೇಜನ್ನು 9, 15, 20ಕ್ಕೆ ಏರಿಸಿ. 5 ವೋಲ್ಟಿನಲ್ಲಿ ಬಹುತೇಕ ಚಾರ್ಜರ್‌ಗಳು 3 ಆಂಪಿಯರ್‌ಗೇ ನಿಂತುಬಿಡುತ್ತವೆ. ಪೈ ಕುಡಿಯುವುದು 5 ವೋಲ್ಟನ್ನು ಮಾತ್ರ. 3 ಆಂಪಿಯರ್ ಸಿಕ್ಕರೂ ಬೋರ್ಡ್ ಏಳುತ್ತದೆ, ಆದರೆ ಯುಎಸ್‌ಬಿ ಬಾಯಿಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಅಷ್ಟೇ ಬಿಡುತ್ತದೆ. ಸರಿಯಾದ ಅಡಾಪ್ಟರ್ ಇದ್ದರೆ 1.6 ಆಂಪಿಯರ್. ಯುಎಸ್‌ಬಿ ಡಿಸ್ಕು ನಡುವೆ ಮಾಯವಾಗುವುದು, ಡಿಸ್ಕಿನಿಂದ ಬೂಟ್ ಆಗದೆ ನಿಲ್ಲುವುದು ಇಂಥ ತಾಪತ್ರಯಗಳ ಹಿಂದೆ ಸಾಮಾನ್ಯವಾಗಿ ಇರುವುದು ಇದೇ ಕಾರಣ. ಹಾಗಾಗಿ 27 ವ್ಯಾಟಿನ ಅಧಿಕೃತ ಅಡಾಪ್ಟರನ್ನು ಬೋರ್ಡಿನ ಜೊತೆಗೇ ಕೊಳ್ಳಿ. ಸರ್ವರ್ ಓಡುತ್ತಿರುವಾಗ ‘ಗೆಟ್ ಥ್ರಾಟಲ್ಡ್’ ಎಂಬ ಆದೇಶ ಕೊಟ್ಟು ಆಗಾಗ ನೋಡುತ್ತಿರಿ: ಸೊನ್ನೆ ಬಂದರೆ ಎಲ್ಲ ಕ್ಷೇಮ, 50000 ಎಂದು ಬಂದರೆ ಬೂಟ್ ಆದಂದಿನಿಂದ ಯಾವಾಗಲೋ ವೋಲ್ಟೇಜ್ ಕುಸಿದು ಪ್ರೊಸೆಸರ್ ವೇಗ ತಗ್ಗಿತ್ತು ಎಂದರ್ಥ. ನಮ್ಮಲ್ಲಿ ಸೊನ್ನೆಯೇ ಬರುತ್ತಿದೆ.

ಮನೆಗೆ ಇನ್ವರ್ಟರ್ ಇರುವವರು ಇನ್ನೊಂದು ಕೆಲಸ ಮಾಡಿ. ಅನೇಕ ಇನ್ವರ್ಟರ್‌ಗಳ ಹಿಂಬದಿಯಲ್ಲಿ ಯುಪಿಎಸ್ ಮೋಡಿಗೆ ಹಾಕುವ ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಆ ಕಡೆಗೆ ತಳ್ಳಿದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವ ವಿರಾಮ ಬಹಳ ಕಡಿಮೆಯಾಗುತ್ತದೆ. ಫ್ಯಾನು, ದೀಪಗಳಿಗೆ ಅದರಿಂದ ವ್ಯತ್ಯಾಸವೇನೂ ಇಲ್ಲ, ಸರ್ವರಿಗೆ ಇದೆ. ಹಾಗೆ ಮಾಡಿದ ಮೇಲೆ ಕರೆಂಟು ಹೋಗಿ ಬಂದಾಗ ನಮ್ಮ ಪೈ ತಾನಾಗಿ ರೀಬೂಟ್ ಆದದ್ದು ಕಂಡಿಲ್ಲ. ಎಸ್‌ಎಸ್‌ಡಿ ಸಮೇತ ಸುಮ್ಮನೆ ಕೂತಿರುವಾಗ ಇದು ಎಳೆಯುವುದು 5 ವ್ಯಾಟಿನ ಆಸುಪಾಸು, ಅಂದರೆ ತಿಂಗಳಿಗೆ ನಾಲ್ಕು ಯೂನಿಟ್ಟಿಗೂ ಕಡಿಮೆ. ಹಳೆಯ ಡೆಸ್ಕ್‌ಟಾಪ್ ಒಂದನ್ನು 60 ವ್ಯಾಟಿನಲ್ಲಿ ಇಡೀ ದಿನ ಓಡಿಸಿದರೆ ತಿಂಗಳಿಗೆ ನಲವತ್ತಮೂರು ಯೂನಿಟ್ ಆಗುತ್ತದೆ. ಮಳೆಗಾಲದಲ್ಲಿ ಇನ್ವರ್ಟರ್ ಬ್ಯಾಟರಿಯ ಮೇಲೆಯೇ ದಿನಗಟ್ಟಲೆ ನಡೆಯಬೇಕಾದ ಮನೆಗೆ ಈ ವ್ಯತ್ಯಾಸ ಬಿಲ್ಲಿಗಿಂತ ಹೆಚ್ಚಾಗಿ ಬ್ಯಾಟರಿಯಲ್ಲಿ ತಿಳಿಯುತ್ತದೆ.

ಈಗ ಆ ಗುಂಡಿ. ಗುಡುಗು ಶುರುವಾದರೆ ನಮ್ಮ ಕಡೆ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದು ರೂಢಿ, ಅದು ಸರಿಯೂ ಹೌದು. ಇಂಟರ್ನೆಟ್ ಬರುವುದು ಗಾಜಿನ ಫೈಬರಿನಲ್ಲಾದ್ದರಿಂದ ಆ ತಂತಿಯಲ್ಲಿ ಸಿಡಿಲಿನ ಹೊಡೆತ ಹರಿಯದು, ಆದರೆ ಫೈಬರ್ ಡಬ್ಬಿಯ ಅಡಾಪ್ಟರಿನಿಂದ ಒಳಬಂದು ಈಥರ್ನೆಟ್ ಕೇಬಲ್ ಮೂಲಕ ಸರ್ವರನ್ನು ಸುಡಬಲ್ಲುದು. ನಾನು ಶಾಲೆಯಲ್ಲಿರುವಾಗ ಈ ಕೆಲಸ ಆಯಿಯ ಪಾಲಿನದು. ಪೈ 4ರಲ್ಲಾದರೆ ಲ್ಯಾಪ್‌ಟಾಪಿನಿಂದ ಒಳಹೊಕ್ಕು ಆದೇಶ ಕೊಟ್ಟು ಆಫ್ ಮಾಡಬೇಕಿತ್ತು. ಪೈ 5ರಲ್ಲಿ, ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ, ಡೆಸ್ಕ್‌ಟಾಪ್ ಪರದೆ ಇಲ್ಲದ ಲೈಟ್ ಆವೃತ್ತಿ ಹಾಕಿದ್ದರೆ, ಗುಂಡಿಯನ್ನು ಒಮ್ಮೆ ಒತ್ತಿದರೆ ಸಾಕು, ತೆರೆದ ಕಡತಗಳನ್ನೆಲ್ಲ ಮುಚ್ಚಿ ಕ್ರಮವಾಗಿ ನಿಲ್ಲುತ್ತದೆ. ಓಡುತ್ತಿರುವಾಗ ಹಸಿರಾಗಿರುವ ದೀಪ ನಿಂತ ಮೇಲೆ ಕೆಂಪಾಗುತ್ತದೆ. “ಒಂದು ಸಲ ಒತ್ತು ಆಯಿ, ಕೆಂಪು ದೀಪ ಬಂದ ಮೇಲೆ ಎರಡೂ ಪ್ಲಗ್ ತೆಗೆ” ಎಂದು ಹೇಳಿಕೊಟ್ಟದ್ದು ಅಷ್ಟೇ. ಮಳೆ ನಿಂತು ಪ್ಲಗ್ ಮತ್ತೆ ಹಾಕಿದರೆ ತಾನಾಗಿಯೇ ಏಳುತ್ತದೆ, ಗುಂಡಿ ಮುಟ್ಟುವುದೂ ಬೇಡ. ಕಂಪ್ಯೂಟರ್ ಮುಟ್ಟದ ಹಿರಿಯರು ಮನೆಯಲ್ಲಿರುವಾಗ ಒಂದು ಸರ್ವರ್ ಹೀಗೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. ಈ ಬೋರ್ಡಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಒಂದು ಎಚ್ಚರಿಕೆ: ಪ್ಲಗ್ ತೆಗೆಯದೆ ಬರೀ ಆಫ್ ಮಾಡಿದರೆ ಅದು ಮತ್ತೆ ಗುಂಡಿ ಒತ್ತುವವರೆಗೂ ಏಳುವುದಿಲ್ಲ. ದೂರದ ಊರಿನಲ್ಲಿ ಕೂತು ಆಫ್ ಮಾಡುವ ಆದೇಶ ಕೊಡುವ ಮೊದಲು ಇದು ನೆನಪಿರಲಿ.

ಗಡಿಯಾರದ ಮಾತು. ಹಳೆಯ ಪೈಗಳಿಗೆ ಕರೆಂಟು ಹೋದರೆ ಸಮಯ ಮರೆತುಹೋಗುತ್ತಿತ್ತು. ಇಂಟರ್ನೆಟ್ ಸಿಕ್ಕ ಮೇಲಷ್ಟೇ ಸರಿಯಾಗುತ್ತಿತ್ತು. ಆದರೆ ನಮ್ಮಲ್ಲಿ ಕರೆಂಟು ಬಂದು ಎಷ್ಟೋ ಹೊತ್ತಿನವರೆಗೆ ಫೈಬರ್ ಸಂಪರ್ಕ ಬರುವುದಿಲ್ಲ. ಅಷ್ಟರಲ್ಲಿ ಸರ್ವರ್ ತಪ್ಪು ತಾರೀಕಿನಲ್ಲಿ ಲಾಗ್ (ನಡೆದದ್ದರ ದಾಖಲೆ) ಬರೆಯುತ್ತದೆ, ಬ್ಯಾಕಪ್ ಹೊತ್ತಲ್ಲದ ಹೊತ್ತಿನಲ್ಲಿ ಓಡುತ್ತದೆ. ಪೈ 5ರಲ್ಲಿ ಗಡಿಯಾರದ ಚಿಪ್ ಇದೆ, ಪುಟ್ಟ ಬ್ಯಾಟರಿ ಜೋಡಿಸಲು ಕನೆಕ್ಟರ್ ಇದೆ. ಬ್ಯಾಟರಿಯನ್ನು ಮಾತ್ರ ಬೇರೆಯಾಗಿ ಕೊಳ್ಳಬೇಕು. ಅಧಿಕೃತ ಬ್ಯಾಟರಿ ಚಾರ್ಜ್ ಆಗುವಂಥದ್ದು, ಆದರೆ ಚಾರ್ಜಿಂಗ್ ಮೊದಲಿನಿಂದ ಆಫ್ ಆಗಿರುತ್ತದೆ. ಕಾನ್ಫಿಗ್ ಕಡತದಲ್ಲಿ ಒಂದು ಸಾಲು ಸೇರಿಸಿ ಆನ್ ಮಾಡಬೇಕು. ಕೈಗಡಿಯಾರ, ಸಣ್ಣ ರಿಮೋಟುಗಳಿಗೆ ಹಾಕುವ ಸಾಮಾನ್ಯ ಗುಂಡಿ ಸೆಲ್ಲನ್ನು ಸಿಕ್ಕಿಸಿ ಚಾರ್ಜಿಂಗ್ ಆನ್ ಮಾಡಲು ಹೋಗಬೇಡಿ, ಅದು ಅಪಾಯ.

ಕಡತಗಳನ್ನು ಇಡುವ ಜಾಗದ ಬಗ್ಗೆ ನನ್ನ ಅಭಿಪ್ರಾಯ ಖಚಿತ: ಮೆಮೊರಿ ಕಾರ್ಡಿನ ಮೇಲೆ ಸರ್ವರ್ ನಡೆಸಬೇಡಿ. ಡೇಟಾಬೇಸು, ಲಾಗುಗಳು ನಿಮಿಷ ನಿಮಿಷಕ್ಕೂ ಬರೆಯುತ್ತಿರುತ್ತವೆ. ಕಾರ್ಡು ಅದಕ್ಕೆಂದು ಮಾಡಿದ್ದಲ್ಲ, ಬರೆಯುವ ಹೊತ್ತಿನಲ್ಲೇ ಕರೆಂಟು ಹೋದರೆ ಇನ್ನೂ ಕಷ್ಟ. 2024ರಲ್ಲಿ ಬಂದ ಎಂ.2 ಹ್ಯಾಟ್ ಪ್ಲಸ್ ಎಂಬ ಅಧಿಕೃತ ಫಲಕವನ್ನು ಬೋರ್ಡಿನ ಮೇಲೆ ಕೂರಿಸಿ ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿದ್ದೇನೆ. ವೇಗದಲ್ಲಿ ಕೊರತೆಯಿಲ್ಲ, ಗಿಗಾಬಿಟ್ ಈಥರ್ನೆಟ್ ಸೆಕೆಂಡಿಗೆ 110 ಎಂಬಿಯಷ್ಟು ಮಾತ್ರ ಸಾಗಿಸಬಲ್ಲುದು, ಎಸ್‌ಎಸ್‌ಡಿಗೆ ಅದರ ಮೂರು ನಾಲ್ಕು ಪಟ್ಟು ಶಕ್ತಿ ಇದೆ. ನನ್ನ ತಕರಾರು ಅಳತೆಯದು. ಅಧಿಕೃತ ಫಲಕದಲ್ಲಿ 30 ಅಥವಾ 42 ಮಿಲಿಮೀಟರ್ ಉದ್ದದ ಎಸ್‌ಎಸ್‌ಡಿ ಮಾತ್ರ ಹಿಡಿಸುತ್ತದೆ. ಸಣ್ಣ ಊರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುವುದೆಲ್ಲ 80 ಮಿಲಿಮೀಟರಿನವು. ನಾನು ಬೆಂಗಳೂರಿನ ಎಸ್.ಪಿ. ರೋಡಿನಿಂದ ಅಣ್ಣನ ಕೈಲಿ ತರಿಸಿಕೊಂಡೆ. ಉದ್ದದ್ದೇ ಬೇಕೆನ್ನುವವರಿಗೆ ಬೇರೆ ಕಂಪನಿಗಳ ಫಲಕಗಳಿವೆ. ಬೋರ್ಡಿಗೂ ಫಲಕಕ್ಕೂ ನಡುವಿನ ಚಪ್ಪಟೆ ರಿಬ್ಬನ್ ಕೇಬಲ್ ಓರೆಯಾಗಿ ಕೂತರೆ ಎಸ್‌ಎಸ್‌ಡಿ ಕಾಣಿಸುವುದೇ ಇಲ್ಲ. ಕನೆಕ್ಟರಿನ ಚಿಲಕವನ್ನು ಎರಡೂ ತುದಿಯಲ್ಲಿ ಸಮವಾಗಿ ಎತ್ತಿ, ಕೇಬಲನ್ನು ನೇರವಾಗಿ ಕೊನೆಮುಟ್ಟ ತಳ್ಳಿ, ಆಮೇಲೆ ಚಿಲಕ ಒತ್ತಬೇಕು.

ಲಿನಕ್ಸ್ ಹಾಕುವ ಕೆಲಸ ಈಗ ಸುಲಭ. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ತಂತ್ರಾಂಶದಲ್ಲಿ 64 ಬಿಟ್ಟಿನ ಲೈಟ್ ಆವೃತ್ತಿ ಆರಿಸಿ, ಬರೆಯುವ ಮೊದಲೇ ಯಂತ್ರದ ಹೆಸರು, ಬಳಕೆದಾರನ ಹೆಸರು, ಬೇರೆ ಯಂತ್ರದಿಂದ ಒಳಹೋಗಲು ಬೇಕಾದ ಎಸ್‌ಎಸ್‌ಎಚ್ ಕೀಲಿ ಎಲ್ಲವನ್ನೂ ತುಂಬಬಹುದು. ಪರದೆ, ಕೀಬೋರ್ಡ್ ಯಾವುದನ್ನೂ ಜೋಡಿಸದೆ ಲ್ಯಾಪ್‌ಟಾಪಿನಿಂದಲೇ ಒಳಹೋಗಬಹುದು. ಒಳಹೊಕ್ಕ ಮೇಲೆ ಪಾಸ್‌ವರ್ಡ್ ಮೂಲಕ ಪ್ರವೇಶವನ್ನು ಮುಚ್ಚಿ, ಕೀಲಿಯೊಂದನ್ನೇ ಉಳಿಸಿ, ಭದ್ರತಾ ಅಪ್‌ಡೇಟುಗಳು ತಾವಾಗಿ ಬರುವಂತೆ ಮಾಡಿ. ಹಳೆಯ ಪಾಠಗಳನ್ನು ನೋಡಿಕೊಂಡು ಮಾಡುವವರಿಗೆ ಒಂದು ಮಾತು: 2023ರ ಬುಕ್‌ವರ್ಮ್ ಆವೃತ್ತಿಯಿಂದ ಜಾಲದ ಜವಾಬ್ದಾರಿ ನೆಟ್‌ವರ್ಕ್ ಮ್ಯಾನೇಜರ್ ಎಂಬ ತಂತ್ರಾಂಶದ್ದು, ಬೂಟ್ ಕಡತಗಳು ಬೂಟ್ ಫೋಲ್ಡರಿನೊಳಗಿನ ಫರ್ಮ್‌ವೇರ್ ಎಂಬ ಉಪಫೋಲ್ಡರಿಗೆ ಹೋಗಿವೆ. 2022ರಿಂದ ಮೊದಲೇ ಸಿದ್ಧವಿದ್ದ ‘ಪೈ’ ಎಂಬ ಬಳಕೆದಾರನೂ ಇಲ್ಲ. ಅದಕ್ಕಿಂತ ಹಿಂದಿನ ಪಾಠಗಳಲ್ಲಿ ಹೇಳಿದ ಜಾಗದಲ್ಲಿ ಹೇಳಿದ ಕಡತ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ.

ಇನ್ನು ಕನ್ನಡ. ಸರ್ವರ್ ಬಗ್ಗೆ ಬರೆಯುವವರು ಯಾರೂ ಇದನ್ನು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಅಪ್ಪಯ್ಯನ ಕ್ಯಾಸೆಟ್ಟಿನ ಡಬ್ಬಿಗಳ ಮೇಲೆ ಅವರದೇ ಕೈಬರಹದಲ್ಲಿ ಪ್ರಸಂಗ, ಊರು, ತಾರೀಕು, ಭಾಗವತರು, ಮದ್ದಲೆ, ಅರ್ಥಧಾರಿಗಳು ಎಲ್ಲರ ಹೆಸರೂ ಇದೆ. ಅದನ್ನು ಇದ್ದಂತೆಯೇ ಕಡತದ ಹೆಸರಾಗಿ ಇಡಬೇಕೆಂದಿದ್ದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ಕೂತಿದ್ದ ಕೆಲವು ಕಡತಗಳು ಸರ್ವರಿಗೆ ನಕಲಾಗಲು ಒಪ್ಪಲಿಲ್ಲ. ಕಾರಣ ಇದು: ಲಿನಕ್ಸಿನ ಇಎಕ್ಸ್‌ಟಿ4 ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟಾದರೆ, ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಸ್ವರಚಿಹ್ನೆಗೂ ಮೂರು, ಅರ್ಧಾಕ್ಷರ ಮಾಡುವ ವಿರಾಮ ಚಿಹ್ನೆಗೂ (್) ಮೂರು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಕ್ಷ’ ಒಂಬತ್ತು ಬೈಟ್ ನುಂಗುತ್ತದೆ. ‘ಭಾಗವತರು’ ಎಂಬ ಪದಕ್ಕೆ ಇಪ್ಪತ್ತೊಂದು. ಹೀಗೆ ನಮಗೆ ಸಿಗುವುದು 85 ಸಂಕೇತಗಳು ಮಾತ್ರ. ವಿಂಡೋಸಿನ ಲೆಕ್ಕ ಬೇರೆ, ಅಲ್ಲಿ ಕನ್ನಡದ ಸಂಕೇತವೂ ಒಂದೇ ಎಣಿಕೆ. ಹಾಗಾಗಿ ಕಡತದ ಹೆಸರಿನಲ್ಲಿ ಪ್ರಸಂಗ, ಊರು, ವರ್ಷ ಇಷ್ಟನ್ನೇ ಉಳಿಸಿ, ಕಲಾವಿದರ ಹೆಸರುಗಳನ್ನೆಲ್ಲ ಧ್ವನಿಕಡತದ ಒಳಗಿನ ಟ್ಯಾಗಿಗೆ ಸೇರಿಸಿದೆ. ನ್ಯಾವಿಡ್ರೋಮ್ ಎಂಬ ತಂತ್ರಾಂಶ ಆ ಟ್ಯಾಗುಗಳನ್ನು ಓದಿ ಫೋನಿನಲ್ಲಿ ಪಟ್ಟಿ ಮಾಡಿ ತೋರಿಸುತ್ತದೆ. ಕನ್ನಡ ಅಚ್ಚುಕಟ್ಟಾಗಿ ಕಾಣುತ್ತದೆ. ತಾಳಮದ್ದಲೆಯನ್ನು ಮೂವರು ಏಕಕಾಲಕ್ಕೆ ಕೇಳುತ್ತಿದ್ದರೂ ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಇಲ್ಲ.

ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ಕೆಲಸವನ್ನೂ ಪೈ ಮಾಡುತ್ತದೆ. ಪೈಯ ಲಿನಕ್ಸಿಗೆ ಮೂಲವಾದ ಡೆಬಿಯನ್‌ನ ತಂತ್ರಾಂಶ ಭಂಡಾರದಲ್ಲೇ ಓಸಿಆರ್‌ಮೈಪಿಡಿಎಫ್ ಇದೆ, ಅದು ಅಕ್ಷರ ಗುರುತಿಸಲು ಬಳಸುವ ಟೆಸರಾಕ್ಟಿನ ಕನ್ನಡ ಭಾಷಾ ಕಡತವೂ ಇದೆ. ಎರಡನ್ನೂ ಹಾಕಿಕೊಂಡರೆ ಸಾಕು. ಒಂದು ಫೋಲ್ಡರಿಗೆ ಸ್ಕ್ಯಾನ್ ಬಿದ್ದ ಕೂಡಲೇ ಹುಡುಕಲು ಬರುವ ಪಿಡಿಎಫ್ ಮತ್ತು ಜೊತೆಗೊಂದು ಪಠ್ಯ ಕಡತ ತಯಾರಾಗುವಂತೆ ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಮುದ್ರಿಸಿದ ಇತ್ತೀಚಿನ ಪಹಣಿ, ರಸೀದಿಗಳು ಚೆನ್ನಾಗಿ ಬರುತ್ತವೆ. ಅಚ್ಚುಮೊಳೆಯ ಕಾಲದ ಹಾಳೆಗಳಲ್ಲಿ ಒತ್ತಕ್ಷರಗಳು ಹಾರಿಹೋಗುತ್ತವೆ, ದ-ಧ, ಪ-ಫ ಅದಲುಬದಲಾಗುತ್ತವೆ; ಆ ಜೋಡಿಗಳ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಸೀಳಷ್ಟೇ ಅಲ್ಲವೇ, ಶಾಯಿ ಹರಡಿದರೆ ಮುಚ್ಚಿಹೋಗುತ್ತದೆ. ಕೈಬರಹವನ್ನು ಅದು ಓದುವುದಿಲ್ಲ. ಪಠ್ಯದೊಳಗೆ ಹುಡುಕಲು ಗ್ರೆಪ್ ಎಂಬ ಹಳೆಯ ಸಾಧನವೇ ನನಗೆ ಸರಿಹೋಯಿತು. ಕನ್ನಡದ ಪದಗಳಿಗೆ ಪ್ರತ್ಯಯ ಸೇರಿ ರೂಪ ಬದಲಾಗುವುದರಿಂದ ‘ಊರು’ ಎಂದು ಹುಡುಕಿದರೆ ‘ಊರಿನ’ ಸಿಗುವುದಿಲ್ಲ. ‘ಊರ’ ಎಂದು ಕೊನೆಯ ಸ್ವರಚಿಹ್ನೆ ಬಿಟ್ಟು ಕೊಟ್ಟರೆ ಊರು, ಊರಿನ, ಊರಲ್ಲಿ ಮೂರೂ ಸಿಗುತ್ತವೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳಿದ್ದರೆ ಅವನ್ನು ಮೊದಲು ಯುನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಯಾವ ಹುಡುಕಾಟಕ್ಕೂ ಅವು ಸಿಗುವುದಿಲ್ಲ.

ಹೊರಗಿನಿಂದ ತಲುಪುವುದು ಹೇಗೆ? ನಮ್ಮ ಕಡೆಯ ಫೈಬರ್ ಸಂಪರ್ಕದಲ್ಲಿ ಮನೆಗೊಂದು ಸ್ವಂತ ಐಪಿ ವಿಳಾಸ ಕೊಡುವುದಿಲ್ಲ. ಎಷ್ಟೋ ಮನೆಗಳು ಒಂದೇ ವಿಳಾಸದ ಹಿಂದಿರುತ್ತವೆ. ರೌಟರಿನಲ್ಲಿ ಬಾಗಿಲು ತೆರೆಯುವ ಹಳೆಯ ಉಪಾಯ ಇಲ್ಲಿ ನಡೆಯದು, ನಡೆದರೂ ನಾನು ಶಿಫಾರಸು ಮಾಡುವುದಿಲ್ಲ. ದೂರದ ಯಂತ್ರಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ, ವೈರ್‌ಗಾರ್ಡ್ ಆಧರಿಸಿದ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಹಾಕಿದ್ದೇನೆ. ಅಣ್ಣ, ಅಕ್ಕನ ಫೋನುಗಳಲ್ಲಿ ಒಮ್ಮೆ ಹಾಕಿಕೊಟ್ಟದ್ದಾಯಿತು, ಮನೆಯ ವೈ-ಫೈಯಲ್ಲಿ ಇದ್ದ ಹಾಗೆಯೇ ಅವರಿಗೆ ಸಿಗುತ್ತದೆ. ಬ್ಯಾಕಪ್ಪಿಗೆ ಅಣ್ಣನ ಮನೆಯಲ್ಲಿ ನನ್ನ ಹಳೆಯ ಪೈ 4 ಮತ್ತು ಒಂದು ಡಿಸ್ಕು ಇಟ್ಟಿದ್ದೇನೆ. ರೆಸ್ಟಿಕ್ ಎಂಬ ಬ್ಯಾಕಪ್ ತಂತ್ರಾಂಶ ರಾತ್ರಿ ಹೊತ್ತಿನಲ್ಲಿ ಹೊಸದನ್ನಷ್ಟೇ ಗೂಢಲಿಪಿಯಲ್ಲಿ ಕಳುಹಿಸುತ್ತದೆ. ಮೊದಲ ಪೂರ್ತಿ ಪ್ರತಿಯನ್ನು ಮಾತ್ರ ಡಿಸ್ಕಿಗೆ ತುಂಬಿಕೊಂಡು ಬಸ್ಸಿನಲ್ಲಿ ಒಯ್ದದ್ದು. ಆ ಗಾತ್ರವನ್ನು ಅಪ್‌ಲೋಡ್ ಮಾಡುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಪೈ 5 ಸೋಲುವ ಕಡೆಗಳೂ ಇವೆ. ಫೋಟೋಗಳಿಗೆ ಇಮ್ಮಿಚ್ ಎಂಬ ತಂತ್ರಾಂಶ ಹಾಕಿದಾಗ, ಮುಖ ಗುರುತಿಸುವ ಮೊದಲ ಸುತ್ತಿನಲ್ಲಿ ನಾಲ್ಕೂ ಕೋರ್‌ಗಳು ತುಂಬಿ, ಫ್ಯಾನು ಜೋರಾಗಿ ಓಡಿ, ಉಳಿದೆಲ್ಲ ಕೆಲಸ ನಿಧಾನವಾಯಿತು. ಆ ಸುತ್ತು ಮುಗಿದ ಮೇಲೆ ಹೊಸ ಫೋಟೋಗಳಿಗೆ ತೊಂದರೆಯಿಲ್ಲ. ವಿಡಿಯೋ ರೂಪಾಂತರಕ್ಕೆ ಇದು ಯೋಗ್ಯವಲ್ಲ, ಎಚ್.264 ಎಂಬ ಬಳಕೆಯ ರೂಪದ ವಿಡಿಯೋಗೆ ಬೇಕಾದ ಯಂತ್ರಾಂಶ ಈ ಚಿಪ್ಪಿನಲ್ಲಿ ಇಲ್ಲ, ಎಚ್‌ಇವಿಸಿ ಎಂಬ ಇನ್ನೊಂದು ರೂಪವನ್ನು ಬಿಡಿಸುವುದು ಮಾತ್ರ ಇದೆ. ಮನೆಮಂದಿ ಸಿನಿಮಾ ನೋಡುವುದಕ್ಕೆಂದೇ ಸರ್ವರ್ ಬೇಕಿದ್ದರೆ ಕಚೇರಿಗಳಿಂದ ಬಿಡುಗಡೆಯಾಗಿ ಬರುವ, ಇಂಟೆಲ್ ಪ್ರೊಸೆಸರಿನ ಪುಟ್ಟ ಡೆಸ್ಕ್‌ಟಾಪುಗಳನ್ನು ನೋಡಿ. ಬೆಲೆ ಸುಮಾರು ಅಷ್ಟೇ ಆಗುತ್ತದೆ, ಶಕ್ತಿ ಹೆಚ್ಚು, ಕರೆಂಟೂ ಒಂದಿಷ್ಟು ಹೆಚ್ಚು. ಆರೆಂಜ್ ಪೈನಂಥ ಬೋರ್ಡುಗಳೂ ಇದಕ್ಕಿಂತ ಬಲವಾಗಿವೆ, ಆದರೆ ಅವುಗಳ ಲಿನಕ್ಸ್ ಬೆಂಬಲ ಬೋರ್ಡಿನಿಂದ ಬೋರ್ಡಿಗೆ ಬೇರೆ. 2012ರ ಮೊದಲ ಪೈಗೂ ಇಂದಿಗೂ ಹೊಸ ಆವೃತ್ತಿಯ ಲಿನಕ್ಸ್ ಬರುತ್ತಿದೆ ಎಂಬುದನ್ನು ನೋಡಿದ ಮೇಲೆ, ಅಪ್ಪಯ್ಯನ ಧ್ವನಿಯನ್ನು ಇಡಲು ನಾನು ಪೈಯನ್ನೇ ಆರಿಸಿಕೊಂಡೆ.

ಬಿಸಿ, ಥಂಡಿಯ ಬಗ್ಗೆ ಕೇಳುವವರಿಗೆ: ಅಧಿಕೃತ ಆಕ್ಟಿವ್ ಕೂಲರ್ ಹಾಕಿ. 50 ಡಿಗ್ರಿಯವರೆಗೆ ಅದರ ಫ್ಯಾನು ತಿರುಗುವುದೇ ಇಲ್ಲ, ನಮ್ಮ ಮಳೆಗಾಲದಲ್ಲಿ ಬಹಳ ಹೊತ್ತು ಸುಮ್ಮನಿರುತ್ತದೆ. ಥಂಡಿಯ ದಿನಗಳಲ್ಲಿ ಯಂತ್ರವನ್ನು ಆಫ್ ಮಾಡಿ ಕಪಾಟಿನಲ್ಲಿಡುವುದಕ್ಕಿಂತ ಓಡುತ್ತ ಬೆಚ್ಚಗಿರಲು ಬಿಡುವುದೇ ಒಳ್ಳೆಯದು. ಬೆಚ್ಚಗಿನ ಬೋರ್ಡಿನ ಮೇಲೆ ನೀರಿನ ಪಸೆ ಕೂರುವುದಿಲ್ಲ. ಬಳಸದ ಯುಎಸ್‌ಬಿ, ಎಚ್‌ಡಿಎಂಐ ಬಾಯಿಗಳಿಗೆ ರಬ್ಬರ್ ಮುಚ್ಚಳ ಹಾಕಿ, ಗಾಳಿಕಿಂಡಿಗೆ ಸಣ್ಣ ಜಾಲರಿ ಅಂಟಿಸಿ. ಬೆಚ್ಚಗಿನ ಜಾಗವೆಂದು ಇರುವೆಗಳು ಗೂಡು ಕಟ್ಟಲು ಬರುತ್ತವೆ.

ನಾನು ಕೊಂಡಾಗ ಬೋರ್ಡಿಗೆ ಎಂಟು ಸಾವಿರ ರೂಪಾಯಿಯ ಆಸುಪಾಸು, ಉಳಿದದ್ದಕ್ಕೆಲ್ಲ ಸೇರಿ ಹೆಚ್ಚುಕಡಿಮೆ ಅಷ್ಟೇ ಆಯಿತು. 2025ರ ಕೊನೆಯಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಏರಿದ್ದರಿಂದ ಕಂಪನಿಯೇ ಬೋರ್ಡುಗಳ ಬೆಲೆ ಹೆಚ್ಚಿಸಿದೆ. ಹೆಚ್ಚು ಮೆಮೊರಿಯ ಮಾದರಿಗಳಿಗೆ ಏರಿಕೆಯೂ ಹೆಚ್ಚು. ಆದ್ದರಿಂದ ಫೋಟೋಗಳ ಮುಖ ಗುರುತಿಸುವುದು ಬೇಡ, ಕಡತ ಮತ್ತು ಹಾಡು ಸಾಕು ಎನ್ನುವವರು 4 ಜಿಬಿಯದನ್ನೇ ಕೊಳ್ಳಿ, ಉಳಿದ ಹಣವನ್ನು ಎಸ್‌ಎಸ್‌ಡಿಗೆ ಹಾಕಿ. ನಮ್ಮ ಶಾಲೆಗೂ ಒಂದು ಸಿದ್ಧಪಡಿಸುತ್ತಿದ್ದೇನೆ. ಕೀವಿಕ್ಸ್ ಮೂಲಕ ಕನ್ನಡ ವಿಕಿಪೀಡಿಯವನ್ನು ಇಂಟರ್ನೆಟ್ ಇಲ್ಲದೆಯೂ ಮಕ್ಕಳಿಗೆ ತೋರಿಸುವುದಷ್ಟೇ ಅದರ ಕೆಲಸವಾದ್ದರಿಂದ 2 ಜಿಬಿಯ ಬೋರ್ಡೇ ಸಾಕು. ಇಡೀ ತರಗತಿ ಒಮ್ಮೆಲೇ ಸೇರಿಕೊಳ್ಳಲು ಪೈ ಒಳಗಿನ ವೈ-ಫೈ ಸಾಲದು. ಅದಕ್ಕೊಂದು ಸಾಧಾರಣ ರೌಟರನ್ನು ಜೊತೆಗಿಡಬೇಕು.